ನಲವತ್ತೊಂಬತ್ತು ನಂಬರಿನ ಅಂಗಿ

ಮೂರೂವರೆಗೆ ಎದ್ದು ಅಡುಗೆಮನೆಯ ದೀಪ ಹಾಕುವುದು. ಕಾಫಿಗೆ ನೀರಿಡುವುದು. ಹಿಂದಿನ ಕೋಣೆಯಲ್ಲಿ ಮಲಗಿದ ಅತ್ತೆಯನ್ನು ಮಗ್ಗುಲು ಹೊರಳಿಸಿ, ಒದ್ದೆ ಬಟ್ಟೆ ಎಳೆದು, ಒಣಗಿದ್ದು ಹಾಸಿ, ಬೆನ್ನಿಗೆ ಪೌಡರು ಹಚ್ಚುವುದು. ಹಿಟ್ಟಿಗೆ ಬೆಣ್ಣೆ ಮಜ್ಜಿಗೆ ಹಾಕಿ ಕಲಸಿ ಹನ್ನೆರಡು ಬಿಸ್ಕಿಟ್ ತಟ್ಟಿ ಓವನ್ನಿಗೆ ಇಡುವುದು. ಅವು ಉಬ್ಬುವಷ್ಟರಲ್ಲಿ ಗಂಡನ ಬುತ್ತಿ ಕಟ್ಟುವುದು. ಅತ್ತೆಯ ಮಾತ್ರೆಗಳನ್ನು ಬೆಳಗಿನದು ನೀಲಿ ಬಟ್ಟಲಿಗೆ, ಮಧ್ಯಾಹ್ನದ್ದು ಬಿಳಿ ಬಟ್ಟಲಿಗೆ ಎಣಿಸಿ ಹಾಕುವುದು. ನಾಯಿಗೆ ಅನ್ನ, ಕೋಳಿಗಳಿಗೆ ಕಾಳು. ಒದ್ದೆ ಬಟ್ಟೆಯನ್ನು ಹಿಂದಿನ ಜಗಲಿಯ ಮಷೀನಿಗೆ ತುರುಕುವುದು. ಗಂಡನನ್ನು ಎರಡು ಸಲ ಎಬ್ಬಿಸುವುದು, ಮೊದಲ ಸಲ ‘ಎದ್ದೆ’ ಅನ್ನಲಿ ಎಂದು, ಎರಡನೆಯ ಸಲ ಏಳಲಿ ಎಂದು.

ಇಷ್ಟಾದ ಮೇಲೆ ಅರ್ಲೀನ್ ಟಿಪ್ಟನ್ ಕೆಲಸಕ್ಕೆ ಹೋಗುತ್ತಿದ್ದಳು. ಆ ಮನೆಯಲ್ಲಿ ‘ಕೆಲಸ’ ಎಂದು ಕರೆಯುತ್ತಿದ್ದುದು ಅಲ್ಲಿಂದ ಮುಂದಿನದನ್ನು ಮಾತ್ರ.

ಟಲ್ಲೊವಾ ಕಾಲೇಜಿನ ಫುಟ್‌ಬಾಲ್ ಮೈದಾನದ ಅಡಿಯಲ್ಲಿ, ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆಯಲ್ಲಿ, ಆಳೆತ್ತರದ ಮೂರು ಒಗೆಯುವ ಮಷೀನುಗಳಿದ್ದವು. ನೂರ ಹದಿನೈದು ಹುಡುಗರ ಅಂಗಿ, ಚಡ್ಡಿ, ಸಾಕ್ಸು, ಬೆವರಿನಲ್ಲಿ ನೆನೆದ ಟವೆಲ್ಲುಗಳು ಪ್ರತಿದಿನ ಅಲ್ಲಿಗೆ ಇಳಿದುಬರುತ್ತಿದ್ದವು. ಹದಿನಾಲ್ಕು ವರ್ಷದಿಂದ ಅರ್ಲೀನ್ ಅವನ್ನು ಒಗೆಯುತ್ತಿದ್ದಳು. ರಕ್ತಕ್ಕೆ ತಣ್ಣೀರು, ಹುಲ್ಲಿನ ಹಸಿರಿಗೆ ವಿನೆಗರ್, ಮೈದಾನದ ಕರೀ ರಬ್ಬರ್ ಕಾಳಿಗೆ ಬರಿಗೈಯ ಸಹನೆ. ಶನಿವಾರದ ಪಂದ್ಯ ಯಾರು ಗೆದ್ದರು ಎಂದು ಅವಳನ್ನು ಕೇಳಿದರೆ ಮರೆತಿರುತ್ತಿದ್ದಳು. ಯಾರ ಅಂಗಿ ಕೊಳೆಯಾಗಿತ್ತು, ಯಾರದು ಮಡಿಕೆ ಮುರಿಯದೆ ವಾಪಸಾಗಿತ್ತು ಎಂಬುದು ಮಾತ್ರ ನೆನಪಿರುತ್ತಿತ್ತು. ಆಡಿದವನ ಅಂಗಿಗೂ ಬೆಂಚಿನ ಮೇಲೆ ಕೂತವನ ಅಂಗಿಗೂ ವಾಸನೆಯೇ ಬೇರೆ.

ಆ ವರ್ಷ ಆಗಸ್ಟಿನಿಂದ ಹನ್ನೆರಡನೆಯ ನಂಬರಿನ ಅಂಗಿಯೂ ಆ ರಾಶಿಯಲ್ಲಿ ಬರುತ್ತಿತ್ತು. ಅದು ಅವಳ ಮಗ ವೇಡ್‌ನದು. ಹದಿನೆಂಟರ ಹುಡುಗ, ಎಡಗೈಯವನು. ಅಮೆರಿಕದ ಈ ಫುಟ್‌ಬಾಲಿನಲ್ಲಿ ಕೈಯಿಂದ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕುಗಳ ಸಾಲಿನಲ್ಲಿ ಮೂರನೆಯವನು. ಐವತ್ತು ಗಜ ದೂರದಲ್ಲಿ ಓಡುವವನ ಎದೆಗೆ ಚೆಂಡು ಕೂರಿಸುತ್ತಾನೆ, ಮೂರು ವರ್ಷ ತಡೆದರೆ ದೊಡ್ಡ ತಂಡದವರೇ ಹುಡುಕಿಕೊಂಡು ಬರುತ್ತಾರೆ ಎಂದು ಊರು ಹೇಳುತ್ತಿತ್ತು. ಬಾರ್ಬರ್ ಅಂಗಡಿಯವನು ಅವನಿಂದ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಚರ್ಚಿನಲ್ಲಿ ಪಾದ್ರಿ ಮಳೆಗೆ ಬೇಡಿಕೊಂಡ ಮೇಲೆ ಅವನ ಎಡಗೈಗೂ ಒಂದು ಮಾತು ಸೇರಿಸುತ್ತಿದ್ದರು.

ಆ ತಡೆಯುವುದಕ್ಕೊಂದು ನಿಯಮವಿತ್ತು. ಕಾಲೇಜಿಗೆ ಸೇರಿದವನಿಗೆ ಐದು ವರ್ಷದ ಗಡುವು, ಅದರಲ್ಲಿ ಆಡಲು ಸಿಗುವುದು ನಾಲ್ಕು. ಒಂದು ವರ್ಷವನ್ನು ಪಕ್ಕಕ್ಕೆ ಎತ್ತಿಡಬಹುದು. ಅದಕ್ಕೆ ರೆಡ್‌ಶರ್ಟ್ ಎನ್ನುತ್ತಿದ್ದರು, ಅಂಗಿ ಕೆಂಪಾಗಿರಬೇಕೆಂದೇನಿಲ್ಲ. ಎತ್ತಿಟ್ಟ ವರ್ಷದಲ್ಲೂ ನಾಲ್ಕು ಪಂದ್ಯದವರೆಗೆ ಇಳಿಯಬಹುದು. ಐದನೆಯದಕ್ಕೆ ಒಂದೇ ಒಂದು ಕ್ಷಣ ಕಾಲಿಟ್ಟರೂ ಆ ವರ್ಷ ಖರ್ಚಾಯಿತು, ಮತ್ತೆ ಬಾರದು.

ಅರ್ಲೀನ್‌ಳ ಗಂಡ ಹಾರ್ಲನ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಈ ನಿಯಮವನ್ನು ಅವನು ಬೈಬಲಿನ ಹತ್ತು ಕಟ್ಟಳೆಗಳಿಗಿಂತ ಚೆನ್ನಾಗಿ ಬಲ್ಲ. “ನಾಲ್ಕೇ ನಾಲ್ಕು,” ಎಂದು ಬೆರಳು ಮಡಚುತ್ತಿದ್ದ. “ಮೈ ತುಂಬ್ಕೊಳ್ಲಿ, ಇಪ್ಪತ್ತು ಪೌಂಡ್ ಏರ್ಲಿ. ಆಮೇಲೆ ನೋಡು.”

ಸೆಪ್ಟೆಂಬರಿನಲ್ಲಿ ಎರಡು ಪಂದ್ಯಕ್ಕೆ ವೇಡ್ ಕೊನೆಯ ಹತ್ತು ನಿಮಿಷ ಇಳಿದ. ಅಕ್ಟೋಬರಿನ ಮೊದಲ ಶನಿವಾರ ಮೂರನೆಯದು. ಆ ದಿನ ಎದುರಾಳಿಗಳಿಬ್ಬರು ಎರಡು ಕಡೆಯಿಂದ ಬಂದು ಅವನ ಮೇಲೆ ಬಿದ್ದರು. ಹಿಂದಲೆ ನೆಲಕ್ಕೆ ಬಡಿದು ಮೇಲೆದ್ದು ಮತ್ತೆ ಬಡಿಯಿತು. ಮೈದಾನಕ್ಕೆ ತೆರೆಯುವ ಸುರಂಗದ ಬಾಯಲ್ಲಿ ಟವೆಲ್ಲು ಹಿಡಿದು ನಿಂತಿದ್ದ ಅರ್ಲೀನ್‌ಗೆ ಅದು ಕಂಡಿತು. ವೇಡ್ ಎದ್ದ, ನಕ್ಕ, ಇನ್ನೆರಡು ಸಲ ಚೆಂಡು ಎಸೆದ. ಎಂಬತ್ತು ಸಾವಿರ ಕೈ ಚಪ್ಪಾಳೆ ತಟ್ಟಿದವು.

ಮಾರನೆಯ ದಿನ ಎಂದಿನಂತೆ ಹಾಸ್ಟೆಲಿನಿಂದ ಮನೆಗೆ ಬಟ್ಟೆ ಹೊತ್ತು ಬಂದ. ವಾರವಿಡೀ ಅವನ ಅಂಗಿ ಒಗೆಯುವ ತಾಯಿ ಭಾನುವಾರ ಅವನ ಉಳಿದ ಬಟ್ಟೆಯನ್ನೂ ಒಗೆಯುವುದು ಆ ಮನೆಯಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಆ ದಿನ ಅವನು ಪರದೆ ಎಳೆದು ಮಲಗಿದ. ಮೂರು ಸಲ ವಾಂತಿ ಮಾಡಿಕೊಂಡ. ದಿಂಬಿನ ಚೀಲ ಬದಲಿಸಲು ಹೋದ ತಾಯಿಯನ್ನು ನೋಡಿ, “ಬಸ್ ಬಂತಾ? ಲೆಕ್ಕದ ಹೋಮ್‌ವರ್ಕ್ ಮಾಡಿಲ್ಲ,” ಎಂದ. ಅವನು ಶಾಲೆಯ ಬಸ್ಸು ಹತ್ತಿ ಎಷ್ಟೋ ವರ್ಷವಾಗಿತ್ತು.

ಸಂಜೆ ಹೊತ್ತಿಗೆ ಸರಿಹೋದ. ಸರಿಹೋದವನು ಮೊದಲು ಮಾಡಿದ ಕೆಲಸ ಅವಳ ಮುಂಗೈ ಹಿಡಿದದ್ದು.

“ಯಾರಿಗೂ ಹೇಳ್ಬಾರ್ದು ಅಮ್ಮ. ಅಪ್ಪಂಗೂ. ಆಣೆ ಇಡು.”

“ನಾಳೆ ಡಾಕ್ಟ್ರು ಪರೀಕ್ಷೆ ಮಾಡ್ತಾರಲ್ಲ, ಅವರಿಗೇ ಗೊತ್ತಾಗತ್ತೆ.”

“ಗೊತ್ತಾಗಲ್ಲ,” ಎಂದು ನಕ್ಕ.

ಗೊತ್ತಾಗಲಿಲ್ಲ. ಋತು ಶುರುವಾಗುವ ಮೊದಲೇ ಹುಡುಗರಿಗೆಲ್ಲ ಒಂದು ಪರೀಕ್ಷೆಯಿರುತ್ತಿತ್ತು. ಚಿತ್ರ ನೆನಪಿಡುವುದು, ಅಂಕಿ ಹಿಂದುಮುಂದು ಹೇಳುವುದು, ಬಣ್ಣ ಕಂಡ ಕೂಡಲೇ ಗುಂಡಿ ಒತ್ತುವುದು. ತಲೆಗೆ ಏಟು ಬಿದ್ದ ಮೇಲೆ ಅದನ್ನೇ ಮತ್ತೆ ಕೊಟ್ಟು ಎರಡನ್ನೂ ಹೋಲಿಸುತ್ತಿದ್ದರು. ಹಳೇ ಹುಡುಗರು ಹೊಸಬರಿಗೆ ಮೊದಲ ವಾರವೇ ಕಲಿಸುವ ಪಾಠವೊಂದಿತ್ತು: ಮೊದಲನೆಯ ಪರೀಕ್ಷೆಯನ್ನು ಬೇಕೆಂದೇ ದಡ್ಡನ ಹಾಗೆ ಬರೆ, ಏಟು ಬಿದ್ದ ಮೇಲೆ ಬರೆದದ್ದು ತಾಳೆಯಾಗುತ್ತದೆ. ಆಗಸ್ಟಿನಲ್ಲಿ ಊಟದ ಮೇಜಿನ ಮೇಲೆ ವೇಡ್ ಇದನ್ನು ಜೋಕಿನ ಹಾಗೆ ಹೇಳಿದ್ದ. ಹಾರ್ಲನ್ ಮೇಜು ಕುಟ್ಟಿ ನಕ್ಕಿದ್ದ. ಅರ್ಲೀನ್ ಬೀನ್ಸ್ ಬಡಿಸುತ್ತಿದ್ದಳು, ಅವಳೂ ನಕ್ಕಿದ್ದಳು. ಆ ನಗು ಈಗ ಅವಳಿಗೆ ನುಂಗಲಾಗದ ಮುಳ್ಳು.

ಆಣೆಯಿಟ್ಟಳು. ಇಟ್ಟ ದಿನದಿಂದ ಅವಳಿಗೆ ಅಣ್ಣ ಡಿವಿಟ್‌ನ ಮನೆ ಕಣ್ಣಿಗೆ ಕಟ್ಟತೊಡಗಿತು. ಡಿವಿಟ್ ಹೈಸ್ಕೂಲಿನಲ್ಲಿ ನಾಲ್ಕು ವರ್ಷ, ಕಾಲೇಜಿನಲ್ಲಿ ನಾಲ್ಕು ವರ್ಷ ತಲೆ ತಗ್ಗಿಸಿ ಗುದ್ದುವ ಆಟ ಆಡಿದವನು. ನಲವತ್ತಾರಕ್ಕೆ ಅಂಗಡಿಯಿಂದ ಮನೆಗೆ ದಾರಿ ತಪ್ಪಿದ. ಐವತ್ತಕ್ಕೆ ಹೆಂಡತಿ ಕೊರೀನ್ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದಳು. ಆಡಿದವನು ಡಿವಿಟ್, ಹೈಸ್ಕೂಲಿನ ಗೋಡೆಯ ಮೇಲೆ ಅವನ ನಂಬರಿದೆ. ಅದರ ಚಾಕರಿಯನ್ನು ಇಂದಿಗೂ ಮಾಡುತ್ತಿರುವವಳು ಕೊರೀನ್, ಅವಳ ನಂಬರನ್ನು ಯಾರೂ ಗೋಡೆಗೆ ಬರೆಸಿಲ್ಲ. ಬೆಳಗಿನ ಜಾವ ಅತ್ತೆಯನ್ನು ಹೊರಳಿಸುವಾಗ ಅರ್ಲೀನ್‌ಗೆ ಆ ಹಾಸಿಗೆಯ ಪಕ್ಕ ಇನ್ನೊಂದು ಹಾಸಿಗೆ ಕಂಡಂತಾಗುತ್ತಿತ್ತು. ಮಗನಿಗಾಗಿ ಹೆದರುತ್ತಿದ್ದೇನೋ, ನನ್ನ ರಟ್ಟೆಗಾಗಿ ಹೆದರುತ್ತಿದ್ದೇನೋ ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಬರುವ ಮೊದಲೇ ನಾಚಿ, ಹಚ್ಚಡವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದು ಸಿಕ್ಕಿಸುತ್ತಿದ್ದಳು.

ಅಕ್ಟೋಬರಿನ ಕೊನೆಗೆ ನಾಲ್ಕನೆಯ ಪಂದ್ಯ. ವೇಡ್ ಮೈದಾನದಲ್ಲಿದ್ದ ನಲವತ್ತು ನಿಮಿಷ ಅವಳು ಸುರಂಗದಲ್ಲಿ ನಿಲ್ಲಲಾರದೆ ಕೆಳಗೆ ಹೋಗಿ ಖಾಲಿ ಮಷೀನೊಂದನ್ನು ತಿರುಗಿಸಿಬಿಟ್ಟು ಅದರ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ಮುಗಿಯಿತು. ಏಟು ಬೀಳಲಿಲ್ಲ. ಇನ್ನು ನಿಯಮವೇ ಬೇಲಿ. ಮುಂದಿನ ಸೆಪ್ಟೆಂಬರಿನವರೆಗೆ ಯಾರೂ ಅವನನ್ನು ಮೈದಾನಕ್ಕೆ ಇಳಿಸುವಂತಿಲ್ಲ. ಅಷ್ಟರಲ್ಲಿ ತಲೆಯ ಏಟು ಮಾಯುತ್ತದೆ.

ಆದರೆ ಆ ಬೇಲಿಗೊಂದು ತೂತಿತ್ತು, ಅದು ಅವಳೊಬ್ಬಳಿಗೇ ಗೊತ್ತಿತ್ತು.

ಋತುವಿನ ಮೊಟ್ಟಮೊದಲ ಪಂದ್ಯ, ಇನ್ನೂ ಆಗಸ್ಟು ಮುಗಿಯದ ದಿನ. ಗುರಿಗಂಬದತ್ತ ಚೆಂಡು ಒದೆಯುವಾಗ ಒಬ್ಬ ಮಂಡಿಯೂರಿ ಚೆಂಡನ್ನು ನೆಲಕ್ಕೆ ಹಿಡಿದುಕೊಡಬೇಕು. ಹಾಗೆ ಹಿಡಿಯುವವನ ಬೆರಳು ಸೀಳಿತು. ವೇಡ್ ಓಡಿ ಅವನ ಕೈಗೆ ಬಟ್ಟೆ ಸುತ್ತಿದ, ವೇಡ್‌ನ ಅಂಗಿಗೆಲ್ಲ ರಕ್ತ. ಯಾರಾದರೂ ಹೋಗಿ ಹಿಡಿಯಿರಿ ಎಂದು ಸಹಾಯಕ ಕೋಚ್ ಕೂಗಿದ, ವೇಡ್ ಹೊರಟ. ರಕ್ತ ಮೆತ್ತಿದ ಅಂಗಿಯಲ್ಲಿ ಮೈದಾನಕ್ಕೆ ಬಿಡುವುದಿಲ್ಲ. ಮೈದಾನದಂಚಿನ ಸಾಮಾನು ಪೆಟ್ಟಿಗೆಯ ತಳದಲ್ಲಿ ಯಾರಿಗೂ ಕೊಡದ ನಲವತ್ತೊಂಬತ್ತು ನಂಬರಿನ ಅಂಗಿಯೊಂದು ಇಂಥ ಹೊತ್ತಿಗೆಂದೇ ಇತ್ತು. ಅದನ್ನು ತೆಗೆದು, ಎರಡೂ ಕೈಯಲ್ಲಿ ಅಗಲಿಸಿ, ಮಗನ ತಲೆಗೆ ತೊಡಿಸಿದವಳು ಅರ್ಲೀನ್. ಆರು ಸೆಕೆಂಡು. ಚೆಂಡು ಹಿಡಿದ, ಒದ್ದರು, ಓಡಿ ಬಂದ. ನಂಬರು ಬದಲಾದದ್ದನ್ನು ರೆಫರಿಗೆ ಹೇಳಲು ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಚೆಂಡು ಹಿಡಿದುಕೊಡುವುದೂ ಒಂದು ಆಟವೇ ಎಂದು ವೇಡ್ ಅಂದುಕೊಳ್ಳಲಿಲ್ಲ. ಅರ್ಲೀನ್ ಅಂಗಿ ಒಗೆದು, ಮಡಚಿ, ಪೆಟ್ಟಿಗೆಯ ತಳಕ್ಕೆ ಹಾಕಿದಳು. ಹಿಡಿದುಕೊಟ್ಟರೂ ಲೆಕ್ಕವೇ ಎಂಬುದು ಅವಳಿಗೆ ತಿಳಿದದ್ದು ಎರಡು ತಿಂಗಳ ಮೇಲೆ, ನಾಲ್ಕನೆಯ ಪಂದ್ಯವೂ ಮುಗಿದಾಗ, ಬೇರೆ ಯಾರದೋ ಮಾತಿನ ನಡುವೆ. ಬಾಯಿ ಬಿಡಲಿಲ್ಲ. ಅವನು ಆಡಿದ್ದು ನಾಲ್ಕಲ್ಲ, ಐದು. ವರ್ಷ ಆಗಲೇ ಹೋಗಿದೆ. ಅದು ಹೋಗಿದೆ ಎಂದು ಬೇರೆಯವರಿಗೆ ಗೊತ್ತಾಗದಷ್ಟು ದಿನ ಮಾತ್ರ ಮಗ ಬೆಂಚಿನ ಮೇಲೆ ಇರುತ್ತಾನೆ.

ನವೆಂಬರಿನ ಮೂರನೆಯ ವಾರ, ಇನ್ನೆರಡೇ ಪಂದ್ಯ ಉಳಿದಾಗ, ತಂಡದ ಮೊದಲ ಕ್ವಾರ್ಟರ್‌ಬ್ಯಾಕಿನ ಹೆಗಲೆಲುಬು ಮುರಿಯಿತು. ಎರಡನೆಯವನು ಎಸೆದ ಚೆಂಡು ಎದುರಾಳಿಯನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಕೋಚ್ ಹಾರ್ಲನ್‌ಗೆ ಫೋನು ಮಾಡಿ, “ನಿಮ್ಮ ಹುಡುಗನ ವರ್ಷ ನಾನು ಸುಡಲ್ಲ, ಸೋತರೂ ಸರಿ,” ಎಂದರು. ಹಾರ್ಲನ್ ಫೋನಿಟ್ಟು ಕಣ್ಣೊರೆಸಿಕೊಂಡ. ಅರ್ಲೀನ್ ಸಿಂಕಿನ ಅಂಚು ಹಿಡಿದು ನಿಂತಳು.

ಮರುದಿನ, ಬುಧವಾರ ಬೆಳಿಗ್ಗೆ, ಸಾಮಾನು ಕೋಣೆಯ ಯಜಮಾನ ಓಡಮ್ ಕೈಯಲ್ಲಿ ಫೋಟೋ ಹಿಡಿದು ಮಷೀನು ಕೋಣೆಗೆ ಇಳಿದುಬಂದ. ಅರ್ಲೀನ್ ಮತ್ತು ಅವಳ ಜೊತೆಯವಳು ಜ್ಯೂವೆಲ್ ಟವೆಲ್ಲು ಮಡಚುತ್ತಿದ್ದರು. ಜ್ಯೂವೆಲ್‌ಗೆ ಅರವತ್ತು ದಾಟಿತ್ತು. ನಾಲ್ಕು ಜನ ಕೋಚುಗಳು ಬಂದು ಹೋದದ್ದನ್ನು ನೋಡಿದವಳು, ಯಾರಿಗೂ ಎದ್ದು ನಿಂತವಳಲ್ಲ.

“ಹೆಂಗಸ್ರೇ, ಇದ್ಯಾರು ಹೇಳಿ ನೋಡೋಣ,” ಎಂದ ಓಡಮ್.

“ಬಗ್ಗಿ ಕೂತಿರೋ ಬೆನ್ನು ನೋಡಿ ಹೇಳ್ಬೇಕಾ? ಮುಂದಿನ್ ವಾರ ಒಂದು ಸಾಕ್ಸ್ ತೋರ್ಸಿ ಯಾರ್ದು ಅಂತ ಕೇಳ್ತೀರಿ,” ಎಂದಳು ಜ್ಯೂವೆಲ್.

“ಸಾಕ್ಸ್ ಆದ್ರೆ ನೀನು ಮೂಸಿ ಹೇಳ್ತೀಯ, ಅದು ನಂಗೊತ್ತು.”

“ನಿಮ್ದಾದ್ರೆ ಮೂಸೋದೂ ಬೇಡ, ಓಡಮ್. ಮೆಟ್ಲಿಳಿಯೋವಾಗ್ಲೇ ಗೊತ್ತಾಗತ್ತೆ.”

ಓಡಮ್ ನಕ್ಕ, ಆದರೆ ಹಣೆ ಬೆವರಿತ್ತು. “ತಮಾಷೆಯಲ್ಲ. ಮೊದಲ್ನೇ ಪಂದ್ಯದ್ದು. ದೇಣಿಗೆ ಕೊಡೋರಿಗೆ ಹಂಚೋ ಕ್ಯಾಲೆಂಡರಿಗೆ ಹಾಕಿದಾರೆ. ನಿಯಮದ ಆಫೀಸಿನ ಹುಡುಗಿ ನೋಡಿ ಕೇಳ್ತಿದಾಳೆ, ಈ ವರ್ಷ ನಲವತ್ತೊಂಬತ್ತು ಯಾರಿಗೂ ಕೊಟ್ಟಿಲ್ಲ, ಇದ್ಯಾರು ಅಂತ. ರೆಫರಿಗೆ ಹೇಳದೆ ನಂಬರ್ ಬದಲಾಯ್ಸಿದ್ರೆ ನನ್ನ ತಲೆಗೇ ಬರೋದು. ಮಿಸ್ ಅರ್ಲೀನ್, ಆ ದಿನ ಪೆಟ್ಟಿಗೆ ಹತ್ರ ನೀವಿದ್ರಿ.”

ಫೋಟೋದಲ್ಲಿ ಮುಖ ಕಾಣುತ್ತಿರಲಿಲ್ಲ. ಹೆಲ್ಮೆಟ್ಟು, ಬಗ್ಗಿದ ಬೆನ್ನು, ಚೆಂಡಿನ ತುದಿಗೊತ್ತಿದ ಎಡಗೈ ಬೆರಳು. ಆ ಬೆರಳಿನ ಉಗುರು ಕತ್ತರಿಸಿ ಬೆಳೆಸಿದವಳಿಗೆ ಅಷ್ಟು ಸಾಕಿತ್ತು. ಅವಳ ಕೈ ಟವೆಲ್ಲನ್ನು ಮಡಚುತ್ತಲೇ ಇತ್ತು, ಒಂದು, ಎರಡು, ಮೂರು ಮಡಿಕೆ.

“ನೆನಪಿಲ್ಲ,” ಎಂದಳು. “ನೂರು ಜನ ಹುಡುಗ್ರು ಬಂದು ಬಂದು ಕಿತ್ಕೊಂಡ್ ಹೋಗ್ತಾರೆ. ಯಾರು ಅಂತ ನೋಡ್ಲಿ.”

“ಅಂಗಿ ಒಗ್ದಿದ್ದು?”

“ಒಗ್ದಿರ್ತೀನಿ. ಅಂಗಿ ಬಾಯ್ಬಿಟ್ಟು ಹೇಳತ್ತಾ?”

ಓಡಮ್ ತಲೆ ಕೆರೆದುಕೊಂಡು ಹತ್ತಿ ಹೋದ. ಮೆಟ್ಟಿಲ ಮೇಲಿನ ಅವನ ಸದ್ದು ನಿಂತಿತು. ಅರ್ಲೀನ್ ಮಡಚಿದ ಟವೆಲ್ಲೊಂದನ್ನು ಬಿಡಿಸಿ ಮತ್ತೆ ಮಡಚಿದಳು.

“ಅದೇ ಟವೆಲ್ ಮೂರನೇ ಸಲ,” ಎಂದಳು ಜ್ಯೂವೆಲ್.

“ಅಂಚು ಸರಿಯಿಲ್ಲ.”

“ಹೂಂ. ಸುಳ್ಳು ಒಂದ್ ಒಗೆತ ತಡ್ಕೊಳತ್ತೆ ಕಣೇ. ಎರಡನೇ ಒಗೆತಕ್ಕೆ ಬಣ್ಣ ಬಿಡತ್ತೆ. ನೀನು ಯಾಕ್ ಹೇಳ್ದೆ ಅಂತ ನಾನು ಕೇಳಲ್ಲ. ಆದ್ರೆ ಹೇಳೋದಾದ್ರೆ ಚೆನ್ನಾಗ್ ಹೇಳು.”

ಆ ದಿನವಿಡೀ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಅರ್ಲೀನ್ ಬಾಗಿಲ ಕಡೆ ತಿರುಗುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ದಾರಿಯ ಸಿಗ್ನಲಿನಲ್ಲಿ ಹಸಿರು ಬಂದು ಹೋದದ್ದು ಹಿಂದಿನ ಲಾರಿಯವನು ಹಾರನ್ನು ಒತ್ತಿದ ಮೇಲೆ ತಿಳಿಯಿತು.

ಗುರುವಾರ ಅವಳ ಮನೆಯಲ್ಲಿ ಐವರಿಗೆ ಊಟ. ಇದು ಹೈಸ್ಕೂಲಿನಿಂದ ನಡೆದುಬಂದ ಪದ್ಧತಿ. ಕ್ವಾರ್ಟರ್‌ಬ್ಯಾಕಿನ ಮುಂದೆ ಗೋಡೆಯ ಹಾಗೆ ನಿಂತು ಎದುರಾಳಿಗಳನ್ನು ತಡೆಯುವ ಐದು ಜನ ದೈತ್ಯರಿಗೆ, ಪಂದ್ಯಕ್ಕೆ ಮುಂಚಿನ ಗುರುವಾರ ಅವನ ತಾಯಿ ಉಣಬಡಿಸಬೇಕು. ಮಗನ ಮೈಮೇಲೆ ಯಾರೂ ಬೀಳದಿರಲಿ ಎಂದು ತಾಯಿ ಹಾಕುವ ಕಾಣಿಕೆ ಅದು. ವೇಡ್ ಬೆಂಚಿನ ಮೇಲಿದ್ದರೂ ಅರ್ಲೀನ್ ಬಿಟ್ಟಿರಲಿಲ್ಲ. ಕೆಲಸದಿಂದ ಬಂದವಳೇ ಅತ್ತೆಯ ಬಟ್ಟೆ ಬದಲಿಸಿ, ನಲವತ್ತು ತುಂಡು ಕೋಳಿ ಕರಿದು, ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಬೇಯಿಸಿ, ಜೋಳದ ಬ್ರೆಡ್ಡು, ಎರಡು ತಟ್ಟೆ ಬಾಳೆಹಣ್ಣಿನ ಪುಡಿಂಗು ಮಾಡಿದಳು. ಆರು ಗಂಟೆಗೆ ಅವರು ಬಂದರು, ಟೋಪಿ ತೆಗೆದು, ತಲೆ ಬಗ್ಗಿಸಿ, ಬಾಗಿಲಿನಲ್ಲಿ ಒಬ್ಬೊಬ್ಬರಾಗಿ. ಕುರ್ಚಿಗಳು ನರಳಿದವು.

ಹಾರ್ಲನ್ ಪ್ರಾರ್ಥನೆ ಹೇಳಿದ. ‘ಆಮೆನ್’ ಮುಗಿಯುವ ಮೊದಲೇ ಹಿಂದಿನ ಕೋಣೆಯಿಂದ ಅತ್ತೆ ನೆಟ್ಟಿಯ ದನಿ ಬಂತು: “ಅರ್ಲೀನ್, ತೊಡೆ ತುಂಡು ಆ ದನಗಳಿಗೇ ಹಾಕ್ಬೇಡ, ನಂಗೊಂದು ಇಡು.”

“ಇಟ್ಟಿದೀನಿ ಅತ್ತೆ.”

“ಮಿಸ್ ನೆಟ್ಟಿ, ನಾನು ದನ ಅಲ್ಲ, ನಾನು ಟೋಬಿಯಸ್,” ಎಂದು ಅವರಲ್ಲಿ ಎಲ್ಲರಿಗಿಂತ ದಪ್ಪಗಿದ್ದವನು ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡು ಕೂಗಿದ.

“ನೀನೇ ಕಣೋ ನಾನ್ ಹೇಳಿದ್ದು.”

ಮೇಜು ಅಲುಗುವಷ್ಟು ನಗು. ಆ ನಗುವಿನ ನಡುವೆ ವೇಡ್ ಬಂದ. ಒಳಗೆ ಬಂದರೂ ಕಪ್ಪು ಕನ್ನಡಕ ತೆಗೆದಿರಲಿಲ್ಲ. ಗೆಳೆಯರು ಅದನ್ನೇ ಹಿಡಿದು ಸಿನಿಮಾ ನಟ ಬಂದ ಎಂದು ಛೇಡಿಸಿದರು. ದೀಪ ನೇರವಾಗಿ ಬೀಳದ ಮೂಲೆಯ ಕುರ್ಚಿ ಎಳೆದುಕೊಂಡದ್ದನ್ನು ತಾಯಿ ಮಾತ್ರ ನೋಡಿದಳು.

“ಒಂದ್ ಸುದ್ದಿ,” ಎಂದ ವೇಡ್. “ಶನಿವಾರ ನಾನು ಆಡ್ತಿದೀನಿ.”

ಹಾರ್ಲನ್‌ನ ಚಮಚ ತಟ್ಟೆಗೆ ಬಿತ್ತು. “ಯಾರಂದ್ರು? ಕೋಚ್ ನಂಗೆ ಮಾತು ಕೊಟ್ಟಿದಾರೆ.”

“ಕೋಚ್‌ಗೆ ನಾನೇ ಹೇಳ್ದೆ. ಓಡಮ್ ಒಂದ್ ಫೋಟೋ ಹಿಡ್ಕೊಂಡು ಎಲ್ಲಾ ಹುಡುಗ್ರನ್ನೂ ಕೇಳ್ತಿದ್ರು. ನೋಡಿದ್ರೆ ನಾನೇ. ಮೊದಲ್ನೇ ಪಂದ್ಯದಲ್ಲಿ ಹಿಡಿದುಕೊಟ್ಟಿದ್ದೆ. ಅದೂ ಲೆಕ್ಕಕ್ಕೆ ಬರತ್ತಂತೆ. ಅಲ್ಲಿಗೆ ಐದಾಯ್ತು. ವರ್ಷ ಆಗ್ಲೇ ಹೋಗಿದೆ ಅಪ್ಪ, ಉಳ್ಸೋಕೆ ಏನೂ ಇಲ್ಲ. ಇನ್ನೆರಡು ಪಂದ್ಯನೂ ನಂದೇ.”

ಹಾರ್ಲನ್‌ನ ಮುಖ ಮೊದಲು ಕೆಂಪಾಯಿತು. ಆರು ಸೆಕೆಂಡಿಗೆ ಒಂದು ವರ್ಷ ಹೋಯಿತಲ್ಲ ಎಂದು ಓಡಮ್‌ನ ಇಡೀ ವಂಶವನ್ನು ಬೈದ. ನೀರು ಕುಡಿದ. ಆಮೇಲೆ ಅರ್ಲೀನ್ ನೋಡನೋಡುತ್ತಿದ್ದಂತೆ ಆ ಮುಖದ ಮೇಲೆ ಇನ್ನೊಂದು ಬಣ್ಣ ನಿಧಾನವಾಗಿ ಏರಿತು.

“ಶನಿವಾರದ್ದು ಟೀವೀಲಿ ಬರತ್ತಲ್ಲ?” ಎಂದ.

“ಇಡೀ ದೇಶಕ್ಕೆ.”

“ಹೋದದ್ದು ಹೋಯ್ತು ಬಿಡು. ಆಡು. ತೋರ್ಸು ಅವರಿಗೆ.”

“ಬೇಡ,” ಎಂದಳು ಅರ್ಲೀನ್.

ಏಳು ಗಂಡಸರು ಅವಳ ಕಡೆ ತಿರುಗಿದರು. ಅವಳ ಕೈಯಲ್ಲಿ ಬೀನ್ಸಿನ ಪಾತ್ರೆಯಿತ್ತು.

“ಯಾಕೆ ಬೇಡ?” ಎಂದ ಹಾರ್ಲನ್.

ಕಾರಣ ನಾಲಿಗೆಯ ತುದಿಗೆ ಬಂದು ನಿಂತಿತು. ಕನ್ನಡಕದ ಹಿಂದಿನಿಂದ ಮಗ ತನ್ನನ್ನೇ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. “ಇನ್ನೂ ಚಿಕ್ಕವ್ನು,” ಎಂದಳು.

ಎಲ್ಲರೂ ನಿರಾಳವಾಗಿ ನಕ್ಕರು. ತಾಯಂದಿರು ಹೇಳುವ ಮಾತು ಅದು, ಅದಕ್ಕೆ ಉತ್ತರ ಬೇಕಿಲ್ಲ. “ಮಿಸ್ ಅರ್ಲೀನ್, ನಾವಿಲ್ವಾ?” ಎಂದ ಟೋಬಿಯಸ್, ಎಲುಬನ್ನು ತಟ್ಟೆಗಿಟ್ಟು, ಎದೆಯ ಮೇಲೆ ಕೈಯಿಟ್ಟು. “ನಿಮ್ ಕೋಳಿ ತಿಂದಿದೀವಿ. ಅವನ ಹತ್ರ ಒಬ್ಬನೂ ಸುಳಿಯಲ್ಲ ಮ್ಯಾಮ್.” ಅವನ ಕಣ್ಣಿನಲ್ಲಿ ಕಪಟವಿರಲಿಲ್ಲ. ಅಕ್ಟೋಬರಿನಲ್ಲೂ ಅವನು ಆ ಗೋಡೆಯಲ್ಲೇ ಇದ್ದ.

ಅವಳು ಅಡುಗೆಮನೆಗೆ ಹೋದಳು. ಚಹದ ಜಗ್ಗು ತುಂಬಿಸಿಕೊಳ್ಳಲು ವೇಡ್ ಹಿಂದೆಯೇ ಬಂದ. ದನಿ ತಗ್ಗಿಸಿದ.

“ಆಣೆ ಅಮ್ಮ.”

“ತಲೆನೋವು ಹೋಗಿದ್ಯಾ? ಕನ್ನಡಕ ತೆಗ್ದು ಹೇಳು.”

“ಹೋಗಿದೆ. ಸಣ್ಣದು, ಬೆಳಿಗ್ಗೆ ಹೊತ್ತು ಮಾತ್ರ. ಎಲ್ಲರಿಗೂ ಇರತ್ತೆ. ನೀನು ಬಾಯ್ಬಿಟ್ರೆ ಶನಿವಾರ ಒಂದೇ ಅಲ್ಲ, ಎಲ್ಲಾ ಮುಗೀತು. ಒಂದ್ ಸಲ ತಲೆಗೆ ಏಟು ಬಿದ್ದೋನು ಅನ್ನೋ ಹೆಸರು ಬಂದ್ರೆ ಆಮೇಲೆ ಯಾವ ತಂಡದೋರೂ ಮುಟ್ಟಲ್ಲ. ಅರ್ಥ ಆಯ್ತಾ? ನಿನ್ನ ಮುಖ ನೋಡಲ್ಲ ನಾನು.”

ಹೇಳುತ್ತಲೇ ಲೋಟಕ್ಕೆ ಚಹ ಸುರಿದ. ಜಗ್ಗಿನ ಮೂತಿ ಲೋಟದಿಂದ ಒಂದು ಬೆರಳು ಆಚೆಗಿತ್ತು. ಚಹ ಕಟ್ಟೆಯ ಮೇಲೆ ಬಿದ್ದು, ಹರಿದು, ಅಂಚಿನಿಂದ ನೆಲಕ್ಕೆ ಇಳಿಯತೊಡಗಿತು. ಐವತ್ತು ಗಜದಾಚೆ ಓಡುವವನ ಎದೆಗೆ ಚೆಂಡು ಕೂರಿಸುವ ಹುಡುಗ ಲೋಟದ ಕಡೆಗೇ ನೋಡುತ್ತಾ ಸುರಿಯುತ್ತಲೇ ಇದ್ದ. ಅವಳು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

“ಅಯ್ಯೋ,” ಎಂದು ನಕ್ಕ. “ನೀನು ಮಾತಾಡ್ಸಿ ಮಾತಾಡ್ಸಿ.”

ಅವನು ಹೊರಗೆ ಹೋದ. ಅವಳು ಮಂಡಿಯೂರಿ ನೆಲ ಒರೆಸಿದಳು.

ಶುಕ್ರವಾರ ಅವಳು ಮೂರೂವರೆಗೆ ಏಳಬೇಕಾಗಲಿಲ್ಲ, ಮಲಗಿಯೇ ಇರಲಿಲ್ಲ. ಅತ್ತೆಯನ್ನು ಹೊರಳಿಸುವಾಗ ನೆಟ್ಟಿ ಕಣ್ಣು ತೆರೆದು, “ನಿನ್ನ ಕೈ ಮಂಜುಗಡ್ಡೆ ಹಾಗಿದೆ ಕಣೇ,” ಎಂದಳು. ಹಾರ್ಲನ್ ಒಂದೇ ಕೂಗಿಗೆ ಎದ್ದ. ಹಲ್ಲುಜ್ಜುತ್ತಾ ಸಿಳ್ಳೆ ಹಾಕುತ್ತಿದ್ದ. ಹೆಂಡತಿಯ ಮುಖ ನೋಡಿ, “ಅಷ್ಟ್ಯಾಕ್ ಹೆದರ್ತೀಯ? ಎಲ್ಲಾ ತಾಯಂದಿರೂ ಹೆದರ್ತಾರೆ, ಎಲ್ಲಾ ಹುಡುಗ್ರೂ ಆಡ್ತಾರೆ,” ಎಂದು ಬುತ್ತಿ ತೆಗೆದುಕೊಂಡು ಹೋದ.

ಐದಕ್ಕೆ ಅವಳು ಮಷೀನು ಕೋಣೆಯಲ್ಲಿದ್ದಳು. ಶನಿವಾರದ ಅಂಗಿಗಳೆಲ್ಲ ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದವು. ದಿನಾ ಬೆಳಿಗ್ಗೆ ಮೊದಲ ಬುಟ್ಟಿ ಟವೆಲ್ಲನ್ನು ಮೇಲಿನ ಚಿಕಿತ್ಸೆ ಕೋಣೆಗೆ ಒಯ್ಯುವುದು ಅವಳ ಪಾಲು. ಅಲ್ಲಿ ಮರಿಸೋಲ್ ಎಂಬ ಮೂವತ್ತರ ಹೆಂಗಸು ಹುಡುಗರ ಮಣಿಕಟ್ಟಿಗೂ ಕಣಕಾಲಿಗೂ ಪಟ್ಟಿ ಸುತ್ತುವ ಮುಂಚೆ ಒಬ್ಬಳೇ ಕೂತು ಕಾಫಿ ಕುಡಿಯುತ್ತಿದ್ದಳು. ಯಾರು ಆಡಬಹುದು, ಯಾರು ಕೂಡದು ಎಂದು ಡಾಕ್ಟರಿಗೆ ಬರೆದು ಕಳಿಸುವವಳು ಅವಳೇ. ಅವಳು ಒಮ್ಮೆ ಬರೆದರೆ ಕೋಚೂ ಅಳಿಸುವಂತಿರಲಿಲ್ಲ.

ಅರ್ಲೀನ್ ಬುಟ್ಟಿಯನ್ನು ಮೆಟ್ಟಿಲ ಕೆಳಗೆ ಇಟ್ಟು ನಿಂತಳು. ಹೇಳಿದರೆ ಏನು ಹೋಗುತ್ತದೆ ಎಂದು ಯೋಚಿಸಿದಳು. ಮಗ ಹೋಗುತ್ತಾನೆ. ಹೇಳಿದ ಮಾತನ್ನು ಅವನು ಮಾಡುವವನು, ಹಾರ್ಲನ್‌ನ ಹಟವೇ ಅವನದೂ. ಹಾರ್ಲನ್ ಮಾತು ಬಿಡುತ್ತಾನೆ, ಬುತ್ತಿ ಮಾತ್ರ ತೆಗೆದುಕೊಳ್ಳುತ್ತಾನೆ. ಓಡಮ್‌ಗೆ ಸುಳ್ಳು ಹೇಳಿದ್ದು ಹೊರಬೀಳುತ್ತದೆ. ಹದಿನಾಲ್ಕು ವರ್ಷದ ಕೆಲಸ ಉಳಿದರೆ ಉಳಿಯಿತು. ಚರ್ಚಿನಲ್ಲಿ ಅವಳ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ. ಆ ಪರೀಕ್ಷೆಯ ಉಪಾಯ ಬಯಲಾದರೆ ನಿನ್ನೆ ಕೋಳಿ ತಿಂದ ಐವರೂ ಅವಳತ್ತ ನೋಡುವುದಿಲ್ಲ, ಅವರೂ ಹಾಗೆಯೇ ಬರೆದವರು. ಮುಂದೊಂದು ದಿನ ವೇಡ್ ಎಲ್ಲೋ ಟೈರು ಅಂಗಡಿಯಲ್ಲಿ ಕೆಲಸ ಮಾಡುತ್ತಾ, ನಮ್ಮಮ್ಮ ಅಡ್ಡ ಬರದಿದ್ದರೆ ನಾನು ಎಲ್ಲಿರುತ್ತಿದ್ದೆ ಗೊತ್ತಾ ಎಂದು ಜನರಿಗೆ ಹೇಳುತ್ತಾನೆ. ತಲೆ ನೆಟ್ಟಗಿರುತ್ತದೆ, ಹೇಳಲು ಬಾಯಿರುತ್ತದೆ, ಅಷ್ಟೇ ಅವಳಿಗೆ ಸಿಗುವುದು. ಅದು ಸಿಕ್ಕಿತೆಂದೂ ಯಾರಿಗೂ ಗೊತ್ತಾಗುವುದಿಲ್ಲ, ಅವಳಿಗೂ ಖಾತ್ರಿಯಾಗುವುದಿಲ್ಲ. ಬಹುಶಃ ಶನಿವಾರ ಏನೂ ಆಗುತ್ತಿರಲಿಲ್ಲವೇನೋ.

ಹೇಳದಿದ್ದರೆ ಏನಾಗಬಹುದು ಎಂಬುದನ್ನು ಅವಳು ಯೋಚಿಸಲಿಲ್ಲ. ಅದನ್ನು ಆರು ವಾರದಿಂದ ಯೋಚಿಸಿಯಾಗಿತ್ತು. ಈ ಆರು ವಾರವೂ ತಾನು ಒಂದು ನಿಯಮಕ್ಕೆ ಆತುಕೊಂಡು ನಿಂತಿದ್ದೆನಲ್ಲ ಎಂಬುದು ಮಾತ್ರ ಈಗ ಹೊಳೆಯಿತು. ಅದು ವರ್ಷ ಕಾಯುವ ನಿಯಮ. ಹುಡುಗನನ್ನು ಕಾಯುವುದು ಅದರ ಕೆಲಸವಾಗಿರಲೇ ಇಲ್ಲ. ಅದು ಯಾರ ಕೆಲಸ ಎಂದು ಎಲ್ಲೂ ಬರೆದಿರಲಿಲ್ಲ.

ಮೇಲಿನ ಬಾಗಿಲಿನಡಿ ಬೆಳಕು ಕಾಣುತ್ತಿತ್ತು. ಜ್ಯೂವೆಲ್ ಬರಲು ಇನ್ನೂ ಇಪ್ಪತ್ತು ನಿಮಿಷ, ಹುಡುಗರು ಬರಲು ಒಂದು ಗಂಟೆ. ಬುಟ್ಟಿ ಅಲ್ಲೇ ಬಿಟ್ಟು ಅವಳು ಮೆಟ್ಟಿಲು ಹತ್ತಿದಳು, ಕಟಾಂಜನ ಹಿಡಿದು, ಒಂದೊಂದೇ. ಬಾಗಿಲು ತಟ್ಟಲಿಲ್ಲ. ತಟ್ಟಿದರೆ ‘ಯಾರು’ ಎಂಬ ಪ್ರಶ್ನೆಗೆ ಕಾಯಬೇಕು, ಆ ಕಾಯುವಿಕೆಯಲ್ಲಿ ತಿರುಗಿ ಇಳಿದುಬಿಟ್ಟಾಳು.

ಮರಿಸೋಲ್ ತಲೆಯೆತ್ತಿದಳು. “ಮಿಸ್ ಅರ್ಲೀನ್? ಟವೆಲ್ ಎಲ್ಲಿ?”

ಅರ್ಲೀನ್ ಬಾಗಿಲನ್ನು ಹಿಂದಕ್ಕೆ ತಳ್ಳಿ ಮುಚ್ಚಿದಳು. ಹುಡುಗರು ಕೂರುವ ಎತ್ತರದ ಮಂಚದ ಅಂಚಿನ ಮೇಲೆ ಕೂತಳು. ಹದಿನಾಲ್ಕು ವರ್ಷದಲ್ಲಿ ಆ ಕೋಣೆಯ ಮಂಚಗಳನ್ನೆಲ್ಲ ಒರೆಸಿದ್ದಳು, ಯಾವತ್ತೂ ಕೂತಿರಲಿಲ್ಲ.

“ಪೆನ್ನು ತಗೊ,” ಎಂದಳು. “ನನ್ನ ಮಗನ ತಲೆ ವಿಷ್ಯ. ಅಕ್ಟೋಬರಿಂದ ಹೇಳ್ತೀನಿ... ತಡಿ, ಅಲ್ಲ. ಆಗಸ್ಟಿನ ಆ ಪರೀಕ್ಷೆಯಿಂದ್ಲೇ ಹೇಳ್ಬೇಕು.”